ವಂಶದ ಮೇಲೆ ಹೊರಿಸಿದ ದೋಷ

ನಮ್ಮ ಬರಗೂರಿನ ಕಡೆ ಹೆಣ್ಣುಗಂಡಿನ ಮಾತುಕತೆ ನಡೆಯುವಾಗ ಹಿರಿಯರು ಮೊದಲು ವಿಚಾರಿಸುವುದು ಹೊಲಮನೆಗಳನ್ನಲ್ಲ, ‘ವಂಶ ಹೇಗೆ?’ ಎಂಬುದನ್ನು. ಆ ಒಂದು ಪ್ರಶ್ನೆಯಲ್ಲಿ ಕುಲ, ನಡತೆ, ಕಾಯಿಲೆ ಎಲ್ಲವೂ ಅಡಗಿರುತ್ತವೆ. ಉತ್ತರ ಹೇಳುವವರು ನೆರೆಹೊರೆಯವರು. ಅವರು ಕಂಡದ್ದನ್ನು ಹೇಳುತ್ತಾರೆ. ಕಾಣದುದನ್ನು ಊಹಿಸಿ ಹೇಳುತ್ತಾರೆ. ಇಂಥ ಊಹೆಗೆ ಸಿಕ್ಕಿ ನೊಂದ ಹುಡುಗಿಯೊಬ್ಬಳನ್ನು ನಾನು ಬಲ್ಲೆ.

ನಾನು ಉಪಾಧ್ಯಾಯನಾಗಿದ್ದಾಗ ಆಕೆ ಪಾವಗಡದ ಕಡೆಯ ಒಂದು ಹಳ್ಳಿಯಿಂದ ಶಾಲೆಗೆ ಬರುತ್ತಿದ್ದಳು. ಮೊಣಕಾಲುಗಳು ಒಳಕ್ಕೆ ಬಾಗಿದ್ದವು. ಅವಳ ತಮ್ಮನದೂ ಅದೇ ಸ್ಥಿತಿ. ತಂದೆಗೆ ನಲವತ್ತು ತುಂಬುವುದರೊಳಗೆ ಬೆನ್ನು ಸೆಟೆದು ಹೋಗಿತ್ತು. ಯಾರಾದರೂ ಕರೆದರೆ ಕತ್ತನ್ನು ಹೊರಳಿಸಲಾರದೆ ಇಡೀ ದೇಹವನ್ನೇ ತಿರುಗಿಸುತ್ತಿದ್ದರು. ಓದು ಮುಗಿದ ಮೇಲೆ ಅವಳಿಗೆ ಬಂದ ಸಂಬಂಧ ‘ವಂಶದಲ್ಲಿಯೇ ದೋಷವಿದೆ’ ಎಂಬ ಒಂದು ಮಾತಿನಿಂದ ಮುರಿದುಬಿತ್ತು. ಆದರೆ ದೋಷವಿದ್ದದ್ದು ವಂಶದಲ್ಲಲ್ಲ, ಕೊಳವೆಬಾವಿಯಲ್ಲಿ. ಪಾವಗಡ, ಶಿರಾ, ಮಧುಗಿರಿ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಹಲ್ಲನ್ನು ಕಂದಿಸಿ ಮೂಳೆಯನ್ನು ಹಿಡಿಯುತ್ತದೆ. ಒಂದೇ ನೀರು ಕುಡಿದ ಮನೆಮಂದಿಗೆಲ್ಲ ಒಂದೇ ರೋಗ ಬಂದಾಗ, ಅದು ರಕ್ತದಲ್ಲಿಯೇ ಹರಿದುಬಂದಂತೆ ತೋರುವುದು ಆಶ್ಚರ್ಯವಲ್ಲ.

ಇದಕ್ಕೆ ವಿರುದ್ಧವಾದ ಕಥೆ ಮಲೆನಾಡಿನದು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಒಂದು ವಿಚಿತ್ರ ಕಾಯಿಲೆ ಹೊರಜಗತ್ತಿನ ಗಮನಕ್ಕೆ ಬಂತು. ಸೊಂಟ, ಮೊಣಕಾಲುಗಳ ಕೀಲು ಸವೆದು ಜನ ನಡೆಯಲಾರದಾದರು. ಕೆಲವರು ಕುಳ್ಳಗಾಗಿಯೇ ಉಳಿದರು. ನರಳಿದವರು ಕೂಲಿಯನ್ನೇ ನಂಬಿದ ಬಡ ದಲಿತ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿಯನ್ನು ತಿಂದದ್ದು ಇದಕ್ಕೆ ಕಾರಣವಿರಬೇಕೆಂದು ಮೊದಲು ಶಂಕಿಸಿದರು. ಅಸಂಗತವಾದ ಶಂಕೆಯೇನೂ ಅಲ್ಲ ಅದು. ಆದರೆ ಮುಂದೆ ತಜ್ಞರು ಮನೆಮನೆಯ ವಂಶಾವಳಿಯನ್ನು ಬಿಡಿಸಿ ನೋಡಿದಾಗ ಇದು ವಂಶವಾಹಿಯ ಮೂಲಕ ಇಳಿಯುವ ರೋಗವೆಂದು ತಿಳಿಯಿತು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು.

ನೀರಿನ ರೋಗವನ್ನು ನಾವು ರಕ್ತದ್ದೆಂದೆವು. ರಕ್ತದ ರೋಗವನ್ನು ಉಂಡ ಆಹಾರದ್ದೆಂದೆವು. ಎರಡು ಕಡೆಯೂ ಬರಿಗಣ್ಣು ಸೋತಿತು. ಆದುದರಿಂದಲೇ ರಕ್ತದೊಳಗಿನ ಗುರುತನ್ನು ನೇರವಾಗಿ ಓದುವ ಸಾಧನಗಳ ಸುದ್ದಿ ಬಂದಾಗಲೆಲ್ಲ ನನ್ನ ಕಿವಿ ನಿಮಿರುತ್ತದೆ. ಇವುಗಳಿಗೆ ಜೈವಿಕ ಸಂವೇದಕಗಳೆಂದು ಹೆಸರು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು ಇದರ ತತ್ತ್ವವನ್ನು ತೋರಿಸಿಕೊಟ್ಟರು. ಬೆರಳ ತುದಿಯ ಒಂದು ಹನಿಯಲ್ಲಿ ಸಕ್ಕರೆ ಅಳೆಯುವ ಪೆಟ್ಟಿಗೆ ಇಂದು ಹಳ್ಳಿಯ ಮನೆಗಳಲ್ಲೂ ಇದೆ. ವಂಶವಾಹಿಯನ್ನು ಓದುವ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ಒಂದು ಪರಮಾಣುವಿನಷ್ಟೇ ದಪ್ಪವಿರುವ ಇಂಗಾಲದ ಹಾಳೆ, ಗ್ರಾಫೀನ್. ಅದರ ಮೇಲೆ ಡಿ.ಎನ್.ಎ.ಯ ನಿರ್ದಿಷ್ಟ ಭಾಗವನ್ನು ಮಾತ್ರ ಹುಡುಕಿ ಹಿಡಿಯುವ ಒಂದು ಪ್ರೋಟೀನನ್ನು ಕೂರಿಸುತ್ತಾರೆ. ಬೇಕಾದ ಭಾಗ ಬಂದು ಕಚ್ಚಿಕೊಂಡೊಡನೆ ಹಾಳೆಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತದೆ. ಅಮೆರಿಕದ ಕಿಯಾನಾ ಅರಾನ್ ಅವರ ತಂಡ 2019ರಲ್ಲಿ ಇಂಥ ಸಾಧನವನ್ನು ತೋರಿಸಿತು. 2021ರಲ್ಲಿ ಅದೇ ಬಗೆಯ ಸಾಧನ, ಕುಡುಗೋಲು ಕಣ ರೋಗಕ್ಕೆ ಕಾರಣವಾದ ಒಂದೇ ಒಂದು ‘ಅಕ್ಷರ’ದ ವ್ಯತ್ಯಾಸವನ್ನು ಗುರುತಿಸಿತು. ನಮ್ಮ ದೇಶದಲ್ಲಿಯೂ ದೆಹಲಿಯ ವಿಜ್ಞಾನಿಗಳು ಇದೇ ಜಾತಿಯ ಪ್ರೋಟೀನನ್ನು ಬಳಸಿ ‘ಫೆಲುದಾ’ ಎಂಬ ಕಾಗದದ ಪಟ್ಟಿಯ ಪರೀಕ್ಷೆಯನ್ನು ರೂಪಿಸಿದರು. 2020ರ ಕೊರೊನಾ ಕಾಲದಲ್ಲಿ ಅದು ಹೆಸರಾಯಿತು. ಸತ್ಯಜಿತ್ ರಾಯ್ ಅವರ ಕಥೆಗಳ ಪತ್ತೇದಾರನ ಹೆಸರು ಅದಕ್ಕೆ. ಇಟ್ಟವರ ರಸಿಕತೆ ಮೆಚ್ಚತಕ್ಕದ್ದು.

ಇದು ದೂರದವರ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಸೋದರಮಾವ ಮತ್ತು ಸೊಸೆಯ ವಂಶವಾಹಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಒಂದೇ ಮೂಲದವು. ಇಬ್ಬರಲ್ಲಿಯೂ ಒಂದೇ ದೋಷ ಮರೆಯಾಗಿ ಕುಳಿತಿದ್ದರೆ ಮಗುವಿನಲ್ಲಿ ಅದು ಎದ್ದು ಬರುವ ಸಂಭವವಿದೆ.

ಹಾಗೆಂದು ಸಾಧನ ಬಂದೊಡನೆ ಎಲ್ಲ ಸರಿಹೋದೀತೆಂದು ನಾನು ನಂಬಲಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಕುಡುಗೋಲು ಕಣ ರೋಗವನ್ನು 2047ರೊಳಗೆ ನಿವಾರಿಸುವ ಅಭಿಯಾನವನ್ನು ಆರಂಭಿಸಿತು. ಬುಡಕಟ್ಟು ಪ್ರದೇಶಗಳ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಸಂಕಲ್ಪ ಅದರದು. ಪರೀಕ್ಷೆಯಾದವರ ಕೈಗೆ ಅವರ ರಕ್ತದ ಸ್ಥಿತಿಯನ್ನು ತಿಳಿಸುವ ಕಾರ್ಡನ್ನು ಕೊಡುತ್ತಾರೆ. ಕಾರ್ಯ ಒಳ್ಳೆಯದು. ಆದರೆ ದೋಷದ ಒಂದು ಪ್ರತಿಯನ್ನು ಮಾತ್ರ ಹೊತ್ತವನು ಸಾಮಾನ್ಯವಾಗಿ ರೋಗಿಯಲ್ಲ. ಮಲೇರಿಯಾದ ಉಗ್ರರೂಪದಿಂದ ಅದೇ ಅವನನ್ನು ಕಾಯುವುದೂ ಉಂಟು. ಇಬ್ಬರು ವಾಹಕರು ದಂಪತಿಗಳಾದಾಗ ಮಾತ್ರ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಜಾತಕದ ಕುಜದೋಷಕ್ಕೇ ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಮನೆಯಲ್ಲಿ ಕೂರಿಸಿದ ನಮ್ಮ ಸಮಾಜ ಈ ಲೆಕ್ಕವನ್ನು ತಾಳ್ಮೆಯಿಂದ ಓದೀತೇ? ಆ ಕಾರ್ಡು ಮೊದಲು ಸೇರಬೇಕಾದದ್ದು ಅದರ ಒಡೆಯನ ಕೈಗೆ, ಬಿಡಿಸಿ ಹೇಳುವವರ ಬಾಯಿಯೊಡನೆ. ಊರ ಜಗಲಿಗಲ್ಲ.

ಇನ್ನೊಂದು ಮಾತು. ಸಂವೇದಕ ತನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಪಾವಗಡದ ಮಗುವಿನ ರಕ್ತವನ್ನು ಎಷ್ಟು ನವುರಾದ ಯಂತ್ರದಲ್ಲಿಟ್ಟರೂ ಅದು ಬಾವಿಯ ಸುದ್ದಿಯನ್ನು ಹೇಳದು. ಅಲ್ಲಿ ಮೊದಲು ಪರೀಕ್ಷೆಯಾಗಬೇಕಾದದ್ದು ನೀರು. ಹಂದಿಗೋಡಿನವರಿಗೆ ರೋಗದ ಮೂಲ ತಿಳಿದದ್ದರಿಂದ ಕೀಲಿನ ನೋವು ಇಳಿಯಲಿಲ್ಲ; ಚಿಕಿತ್ಸೆ, ಆಸರೆ, ಅನ್ನ ಇವುಗಳ ಅಗತ್ಯವೂ ಕಡಿಮೆಯಾಗಲಿಲ್ಲ. ಕಾರಣವನ್ನು ಕಂಡುಹಿಡಿದು ಕೈ ತೊಳೆದುಕೊಳ್ಳುವುದಕ್ಕೆ ಇಷ್ಟು ಸೂಕ್ಷ್ಮವಾದ ಯಂತ್ರ ಏಕೆ ಬೇಕು?

ಆ ಹುಡುಗಿಗೆ ತಡವಾಗಿಯಾದರೂ ಮದುವೆಯಾಯಿತು. ಅವಳಿರುವ ಹಳ್ಳಿಯಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕವಿದೆ. ಹೋದ ವರ್ಷ ಜಾತ್ರೆಯಲ್ಲಿ ಕಂಡಳು. ಅದೇ ಬಾಗಿದ ಕಾಲು, ಅದೇ ನಗೆ. ನಾಲ್ಕೈದು ವರ್ಷದ ಮಗಳು ಅವಳ ಕೈ ಕೊಸರಿಕೊಂಡು ಬತ್ತಾಸಿನ ಅಂಗಡಿಯ ಕಡೆ ಓಡಿದಳು. “ನೋಡಿ ಮೇಷ್ಟ್ರೇ, ಇವಳನ್ನ ಹಿಡಿಯೋಕೆ ನನ್ನ ಕೈಲಾಗಲ್ಲ” ಎನ್ನುತ್ತ ಅವಳು ಹಿಂದೆಯೇ ಹೊರಟಳು.