ಅಜ್ಜಿ ನೋಡಿಕೊಂಡೇ ಹತ್ತಿದ್ದರು

ಸಂಧ್ಯಾ ಸುರಕ್ಷಾ ಪಿಂಚಣಿ ವಿಚಾರಿಸಲು ತಾಲ್ಲೂಕು ಕಚೇರಿಗೆ ಬಂದ ಅಜ್ಜಿಯೊಬ್ಬರು ಮೆಟ್ಟಿಲಲ್ಲಿ ಎಡವಿ ಬಿದ್ದರೆ ಸುತ್ತಲಿದ್ದವರು ಮೊದಲು ಹೇಳುವುದು, 'ನೋಡ್ಕೊಂಡು ಹತ್ಬಾರ್ದಾ ಅಜ್ಜಿ?' ನಾವೂ ಹಾಗೆ ಅಂದವರೇ. ಆದರೆ ಅಜ್ಜಿ ನೋಡಿಕೊಂಡೇ ಹತ್ತಿರುತ್ತಾರೆ. ನುಣುಪು ಗ್ರಾನೈಟಿನ, ಒಂದೇ ಬಣ್ಣದ ಆ ಮೆಟ್ಟಿಲುಗಳಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದೇ ಕಾಣುವುದಿಲ್ಲ.

ನಾವು ಕೈಕಾಲು ಆಡಿಸುವ ಮೊದಲೇ ಮಿದುಳು ಕಣ್ಣನ್ನು ನಂಬಿ ಲೆಕ್ಕ ಹಾಕಿರುತ್ತದೆ. ಕಣ್ಣು ಮೋಸಹೋದರೆ ಲೆಕ್ಕವೂ ತಪ್ಪು. ಸ್ಕಾಟ್ ಗ್ಲೋವರ್ ಮತ್ತು ಪೀಟರ್ ಡಿಕ್ಸನ್ ಎಂಬ ಸಂಶೋಧಕರು 2001ರಲ್ಲಿ ಒಂದು ವಿಷಯ ತೋರಿಸಿದರು: ವಸ್ತುವೊಂದಕ್ಕೆ ಕೈ ಚಾಚುವಾಗ ದೃಷ್ಟಿಭ್ರಮೆಯ ಪ್ರಭಾವ ಆರಂಭದಲ್ಲಿ ಹೆಚ್ಚಿರುತ್ತದೆ, ವಸ್ತು ಹತ್ತಿರವಾದಂತೆ ಕಡಿಮೆಯಾಗುತ್ತದೆ. ಅಂದರೆ ಕೈ ದಾರಿಯಲ್ಲೇ ತಪ್ಪು ತಿದ್ದಿಕೊಳ್ಳುತ್ತದೆ. ಇದರ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಇದ್ದೇ ಇದೆ.

ಮೆಟ್ಟಿಲು ಹತ್ತುವ ಕಾಲಿಗೆ ಅಷ್ಟು ಅನುಕೂಲವಿಲ್ಲ. ಹತ್ತುವಾಗ ಯಾರೂ ತಮ್ಮ ಪಾದ ನೋಡುತ್ತಾ ಹತ್ತುವುದಿಲ್ಲ, ಕಣ್ಣು ಮುಂದಿನ ಮೆಟ್ಟಿಲ ಮೇಲಿರುತ್ತದೆ. ಲೆಕ್ಕ ಒಂದು ಬೆರಳು ತಪ್ಪಿದರೂ ಕಾಲು ತಾಗುತ್ತದೆ. ಮಂಡಿನೋವಿನವರಿಗೆ ಸಾವರಿಸಿಕೊಳ್ಳಲೂ ಕಷ್ಟ.

ಇದೇ ಭ್ರಮೆಯನ್ನು ಒಳ್ಳೆಯದಕ್ಕೂ ಬಳಸಬಹುದು. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮೆಟ್ಟಿಲಿನ ಎದುರು ಮುಖಕ್ಕೆ ಮೇಲಿನಿಂದ ಕೆಳಕ್ಕೆ ಕಪ್ಪು-ಬಿಳಿ ಪಟ್ಟೆ ಹಾಕಿ ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎತ್ತರ ಇದ್ದಷ್ಟೇ ಇತ್ತು. ಆದರೆ ಜನರಿಗೆ ಮೆಟ್ಟಿಲು ಹೆಚ್ಚು ಎತ್ತರ ಕಂಡಿತು, ಅವರು ಪಾದವನ್ನೂ ಇನ್ನಷ್ಟು ಮೇಲೆತ್ತಿದರು.

ನಮ್ಮ ಹಳ್ಳಿ-ತಾಲ್ಲೂಕುಗಳ ಕಟ್ಟಡಗಳಿಗೆ ಪ್ರಯೋಗಾಲಯವೇನೂ ಬೇಡ. ಪ್ರತಿ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಒಂದು ಪಟ್ಟಿ ಸಾಕು. ಅದು ಸರಿಯಾಗಿ ಅಂಚಿನಲ್ಲೇ ಇರಬೇಕು. ಒಳಗೆ ಸರಿದರೆ ಅದೇ ಹೊಸ ಮೋಸವಾಗುತ್ತದೆ. ಒಂದು ಡಬ್ಬಿ ಪೇಂಟು, ಅರ್ಧ ದಿನದ ಕೂಲಿ. ಸಾರ್ವಜನಿಕ ಕಟ್ಟಡಗಳು ಎಲ್ಲರೂ ಬಳಸುವಂತಿರಬೇಕು ಎನ್ನುವ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಿಂದಲೂ ಇದೆ. ರ‍್ಯಾಂಪ್ ಕಟ್ಟಿದರೆ ಆಯಿತು ಎಂದುಕೊಂಡವರೇ ಹೆಚ್ಚು.

ಇದರಲ್ಲಿ ನಮ್ಮ ತಪ್ಪೂ ಇದೆ. ಹೊಸ ಕಟ್ಟಡದ ಉದ್ಘಾಟನೆಗೆ ಹೋಗಿ ಶಾಸಕರ ಭಾಷಣ, ಖರ್ಚಿನ ಲೆಕ್ಕ ಬರೆದುಕೊಂಡು ಬರುತ್ತೇವೆ. ಮೆಟ್ಟಿಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ. ಇನ್ನು ಮುಂದೆ ಕೇಳುತ್ತೇವೆ. ನೀವೂ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.