ತೊಳೆದರೆ ಹೋಗುವುದು, ತೊಳೆದರೂ ಹೋಗದ್ದು

ಮಲೆನಾಡಿನ ಸಣ್ಣ ಪೇಟೆಗಳ ಅಂಗಡಿಗಳಲ್ಲಿಯೂ ಈಗ ಹಣ್ಣು-ತರಕಾರಿ ತೊಳೆಯುವ ದ್ರಾವಣದ ಬಾಟಲಿಗಳು ಕಾಣಸಿಗುತ್ತವೆ. ಬೇವಿನೆಲೆಯ ಚಿತ್ರ, ನಿಂಬೆಹೋಳಿನ ಚಿತ್ರ, ಅದರ ಮೇಲೆ ‘ನೈಸರ್ಗಿಕ’ ಎಂಬ ದಪ್ಪಕ್ಷರ. ಕೊಳ್ಳಲಾರದವರಿಗೂ ಕೊಳ್ಳಲೊಲ್ಲದವರಿಗೂ ಮನೆಮದ್ದಿನ ಪಟ್ಟಿಯೊಂದು ಬಾಯಿಂದ ಬಾಯಿಗೆ ಹರಡಿದೆ: ಉಪ್ಪು, ಅರಿಸಿನ, ಹುಣಸೆಹುಳಿ, ನಿಂಬೆರಸ, ಅಡುಗೆ ಸೋಡಾ, ವಿನೆಗರ್, ಅಂಟುವಾಳ. ಇವುಗಳಲ್ಲಿ ಯಾವುದು ಮೇಲು ಎಂದು ನಮ್ಮ ಓದುಗರು, ಅದರಲ್ಲಿಯೂ ಹಾಸ್ಟೆಲುಗಳಲ್ಲಿ ಉಣ್ಣುವ ವಿದ್ಯಾರ್ಥಿಗಳು, ಕೇಳುತ್ತಲೇ ಇರುತ್ತಾರೆ. ಪ್ರಶ್ನೆ ಅಡುಗೆಮನೆಯದಾದರೂ ಅದರ ಬೇರು ತೋಟದಲ್ಲಿದೆ. ಆದ್ದರಿಂದಲೇ ಈ ಬಾರಿ ಸಂಪಾದಕೀಯದ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟಿದ್ದೇವೆ.

ಮೊದಲು ಕೇಳಿಕೊಳ್ಳಬೇಕಾದುದು ಯಾವುದರಿಂದ ತೊಳೆಯಬೇಕೆಂದಲ್ಲ, ಏನನ್ನು ತೊಳೆಯುತ್ತಿದ್ದೇವೆ ಎಂದು. ಗಡ್ಡೆಗೆ ಮೆತ್ತಿದ ಮಣ್ಣು ಒಂದು ಬಗೆ. ಹೂಕೋಸಿನ ಸಂದಿಯಲ್ಲಿ ಅಡಗಿದ ಹುಳು ಇನ್ನೊಂದು. ಕಣ್ಣಿಗೆ ಕಾಣದ ರೋಗಾಣು ಮತ್ತೊಂದು. ಇವೆಲ್ಲಕ್ಕಿಂತ ಬೇರೆಯಾದದ್ದು ‘ಮದ್ದು’. ವಿಷವನ್ನು ಮದ್ದು ಎಂದೂ ಔಷಧಿ ಎಂದೂ ಕರೆಯುವ ನಮ್ಮ ವಾಡಿಕೆಯೇ ಅದರ ಬಗೆಗಿನ ಅಂಜಿಕೆಯನ್ನು ಅರ್ಧದಷ್ಟು ಅಳಿಸಿಹಾಕಿದೆ. ಉಪ್ಪುನೀರು ಹುಳುವನ್ನು ಹೊರಹಾಕುತ್ತದೆ. ಹೂಕೋಸನ್ನು ಹತ್ತು ನಿಮಿಷ ಮುಳುಗಿಸಿಟ್ಟವರೆಲ್ಲ ಇದನ್ನು ಬಲ್ಲರು. ಹುಳುವನ್ನು ಹೊರಹಾಕಿದ ಉಪ್ಪು ವಿಷವನ್ನೂ ಹೊರಹಾಕಿತೆಂದು ನಂಬುವುದು ಮಾತ್ರ ಬೇರೆ ಮಾತು.

ಬರಿಯ ನೀರನ್ನು ನಾವು ತೀರ ಹಗುರವಾಗಿ ಕಾಣುತ್ತೇವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕೃಷಿ ಪ್ರಯೋಗ ಕೇಂದ್ರದ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಲ್ಲಿಯ ನೀರಿನಡಿ ತೊಳೆದ ಹಣ್ಣು-ತರಕಾರಿಗಳನ್ನು ಪರೀಕ್ಷಿಸಿದ್ದರು. ಹನ್ನೆರಡು ಬಗೆಯ ಕೀಟನಾಶಕ-ಶಿಲೀಂಧ್ರನಾಶಕಗಳ ಪೈಕಿ ಒಂಬತ್ತರ ಶೇಷ ಗಣನೀಯವಾಗಿ ಇಳಿದಿತ್ತು. ಇಳಿಯದೆ ಉಳಿದ ಮೂರರಲ್ಲಿ ಕ್ಲೋರ್‌ಪೈರಿಫಾಸ್ ಒಂದು. ನಮ್ಮ ಕಡೆಯ ರೈತರಿಗೂ ಚಿರಪರಿಚಿತವಾದ ಹೆಸರು. ನೀರಿನಲ್ಲಿ ಕರಗುವ ವಿಷ ಹೋಗುತ್ತದೆ, ಕರಗದ್ದು ಹೋಗದು ಎಂಬ ಸರಳ ಲೆಕ್ಕವೂ ಅಲ್ಲಿ ಹೊಂದಲಿಲ್ಲ. ಮೇಲ್ಮೈಯಲ್ಲಿ ಧೂಳಿನಂತೆ ಕುಳಿತದ್ದು ನೀರಿನ ರಭಸಕ್ಕೆ ಜಾರಿಹೋಗುತ್ತದೆ. ಸಿಪ್ಪೆಯ ಮೇಣದಲ್ಲಿ ಇಳಿದು ಕುಳಿತದ್ದು ಉಳಿಯುತ್ತದೆ. ಹರಿಯುವ ನೀರಿನಡಿ ಕೈಯಿಂದ ಉಜ್ಜುತ್ತ ತೊಳೆಯುವುದು ಬುಟ್ಟಿಯನ್ನು ಒಮ್ಮೆ ಅದ್ದಿ ಎತ್ತುವುದಕ್ಕಿಂತ ಬಹಳ ಮೇಲೆಂಬುದು ಇದರಿಂದ ಹೊರಡುವ ಪಾಠ. ಹೆಚ್ಚುವುದಕ್ಕೆ ಮೊದಲೇ ತೊಳೆಯಬೇಕು; ಹೆಚ್ಚಿದ ಮೇಲೆ ನೆನೆಹಾಕಿದರೆ ಹೊರಹೋಗುವುದು ವಿಷಕ್ಕಿಂತ ಹೆಚ್ಚಾಗಿ ಜೀವಸತ್ವ.

ಅಡುಗೆ ಸೋಡಾದ ಪರವಾಗಿ ಗಟ್ಟಿಯಾದ ಸಾಕ್ಷ್ಯವಿದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸೇಬುಹಣ್ಣಿನ ಮೇಲೆ ಎರಡು ರಾಸಾಯನಿಕಗಳನ್ನು ಲೇಪಿಸಿ, ಶೇಕಡ 1ರ ಸೋಡಾ ನೀರಿನಲ್ಲಿ ಅದ್ದಿಟ್ಟು ನೋಡಿದರು. ಫಾಸ್ಮೆಟ್ ಎಂಬ ಕೀಟನಾಶಕದಲ್ಲಿ ಶೇ. 96ರಷ್ಟು 15 ನಿಮಿಷದಲ್ಲಿ, ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕದಲ್ಲಿ ಶೇ. 80ರಷ್ಟು 12 ನಿಮಿಷದಲ್ಲಿ ಹೋಯಿತು. ಕ್ಷಾರಗುಣದ ನೀರು ಇಂಥ ರಾಸಾಯನಿಕಗಳನ್ನು ಒಡೆಯುವುದೇ ಇದಕ್ಕೆ ಕಾರಣ. ನಮ್ಮ ಲೆಕ್ಕಕ್ಕೆ ತಂದರೆ, ಲೀಟರು ನೀರಿಗೆ ಸುಮಾರು ಎರಡು ಸಣ್ಣ ಚಮಚ ಸೋಡಾ, ಕಾಲು ಗಂಟೆಯ ನೆನೆ, ಆಮೇಲೆ ಬರಿ ನೀರಿನಲ್ಲಿ ತೊಳೆ. ದುಬಾರಿ ಬಾಟಲಿಯ ಅಗತ್ಯ ಇಲ್ಲಿ ಬೀಳುವುದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ಸೋಡಾದ ಭಕ್ತರು ಹೇಳುವುದೇ ಇಲ್ಲ. ಥಯಾಬೆಂಡಜೋಲ್ ಸೇಬಿನೊಳಗೆ 80 ಮೈಕ್ರೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪದಷ್ಟು, ಇಳಿದಿತ್ತು. ಅಲ್ಲಿಗೆ ಸೋಡಾ ತಲುಪಲಿಲ್ಲ. ಉಳಿದದ್ದು ಹೋಗಬೇಕಾದರೆ ಸಿಪ್ಪೆಯನ್ನೇ ತೆಗೆಯಬೇಕು.

ಇನ್ನು ನಮ್ಮ ಸೀಮೆಯದೇ ಆದ, ಪೇಟೆಯ ಬರಹಗಳಲ್ಲಿ ಎಂದೂ ಕಾಣದ ಸಂಗತಿಯೊಂದಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಮಲೆನಾಡಿಗೆ ಬಂದು ನೂರು ವರ್ಷ ಮೀರಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಈ ರೋಗದ ಮೇಲಿನ ತಮ್ಮ ವರದಿಯನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಮೈಲುತುತ್ತ ಮತ್ತು ಸುಣ್ಣ ತೋಟಿಗರ ಮಳೆಗಾಲದ ಸಂಗಾತಿಗಳು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತವೆಂದರೆ ಅದರಲ್ಲಿ ಕಾಲು ಕಿಲೋದಷ್ಟು ತಾಮ್ರವಿರುತ್ತದೆ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೊಮ್ಮೆ ಇದು ಕೊನೆಗಳಿಗೆ ಬೀಳುತ್ತದೆ. ಕೊನೆಗಷ್ಟೇ ಬಿದ್ದರೆ ಚಿಂತೆಯಿರಲಿಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸಿಗೆ, ವೀಳ್ಯದೆಲೆಗೆ, ಬುಡದ ಬಾಳೆಗೆ, ಬಸಿಗಾಲುವೆಯ ಅಂಚಿನ ಒಂದೆಲಗಕ್ಕೂ ಅದು ತೊಟ್ಟಿಕ್ಕುತ್ತದೆ. ಇವುಗಳಲ್ಲಿ ವೀಳ್ಯದೆಲೆಯನ್ನು ನಾವು ಹಸಿಯಾಗಿಯೇ ಅಗಿಯುತ್ತೇವೆ. ಒಂದೆಲಗವನ್ನು ಹಸಿಯಾಗಿಯೇ ಅರೆದು ತಂಬುಳಿ ಮಾಡುತ್ತೇವೆ. ನೆನಪಿನ ಶಕ್ತಿಗೆಂದು ಮಕ್ಕಳಿಗೆ ಉಣಿಸುವ ಸೊಪ್ಪು ಅದು.

ಬೋರ್ಡೋ ದ್ರಾವಣದ ಹೆಚ್ಚುಗಾರಿಕೆಯೇ ಅದರ ಅಂಟುಗುಣ. ಆಷಾಢದ ಜಡಿಮಳೆಗೂ ತೊಳೆದು ಹೋಗದಿರಲೆಂದು ಅದನ್ನು ಹಾಗೆ ಕಲಸುತ್ತಾರೆ, ಕೆಲವರು ರಾಳವನ್ನೂ ಸೇರಿಸುತ್ತಾರೆ. ಆ ಮಳೆಗೇ ಹೋಗದ್ದು ಒಂದು ಚೊಂಬು ನೀರಿಗೆ ಹೋದೀತೇ? ಕ್ಷಾರಗುಣದ ಸೋಡಾವೂ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಸುಣ್ಣದ ಕ್ಷಾರದಲ್ಲಿಯೇ ತಾಮ್ರ ಕರಗದೆ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ಬಿಡಿಸುವುದು ಹುಳಿ. ತಾಮ್ರದ ಕೊಡವನ್ನು ಹುಣಸೆಹುಳಿಯಲ್ಲಿ ಬೆಳಗುವ ಅಮ್ಮಂದಿರಿಗೆ ಈ ರಸಾಯನಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಕೊಡದ ಮೇಲಿನ ಕಿಲುಬನ್ನು ಕರಗಿಸುವ ಹುಳಿಯೇ ಎಲೆಯ ಮೇಲಿನ ನೀಲಿಬಿಳುಪಿನ ಕಲೆಯನ್ನೂ ಕರಗಿಸುತ್ತದೆ. ಹುಣಸೆ ಹಿಂಡಿದ ನೀರಿನಲ್ಲಿಯೋ ನಿಂಬೆರಸದ ನೀರಿನಲ್ಲಿಯೋ ಐದು ನಿಮಿಷ ಅದ್ದಿಟ್ಟು, ಎರಡು ಮೂರು ಬಾರಿ ಒಳ್ಳೆಯ ನೀರಿನಲ್ಲಿ ಜಾಲಾಡಿಸಬೇಕು. ಪಾತ್ರೆ ಸ್ಟೀಲಿನದೋ ಮಣ್ಣಿನದೋ ಆಗಿರಲಿ, ತಾಮ್ರ-ಹಿತ್ತಾಳೆ ಬೇಡ. ಇದಕ್ಕಿಂತಲೂ ಸುಲಭದ ದಾರಿಯೆಂದರೆ, ಮನೆಬಳಕೆಯ ಒಂದೆಲಗ, ವೀಳ್ಯದ ಬಳ್ಳಿಗಳನ್ನು ಅಡಿಕೆಮರದ ನೆರಳಿನಿಂದ ಹಿತ್ತಲಿಗೆ ತರುವುದು. ಬೋರ್ಡೋವನ್ನು ಸಾವಯವ ಕೃಷಿಯ ನಿಯಮಗಳೂ ಮಿತಿಯೊಳಗೆ ಒಪ್ಪುತ್ತವೆ, ನಿಜ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸೇರುತ್ತ ಎರೆಹುಳುವಿಗೆ ಕಂಟಕವಾಗುತ್ತದೆ.

ಅಂತೂ ಸೋಡಾಕ್ಕೆ ಸೋಡಾದ ಕೆಲಸ, ಹುಳಿಗೆ ಹುಳಿಯ ಕೆಲಸ. ಎರಡನ್ನೂ ಒಟ್ಟಿಗೆ ಕಲಸಿ ಎಂದು ಸಲಹೆ ಕೊಡುವವರು ಬಹಳ ಮಂದಿ. ನಿಂಬೆಹಣ್ಣಿಗೆ ಸೋಡಾ ಬಿದ್ದೊಡನೆ ನೊರೆಯೇಳುವುದನ್ನು ಕಂಡು, ವಿಷವೇ ಕುದಿದು ಹೊರಬಂತೆಂದು ಸಂತೋಷಪಡುವವರೂ ಇದ್ದಾರೆ. ಅದು ಇಂಗಾಲದ ಡೈಆಕ್ಸೈಡ್ ಅನಿಲವಷ್ಟೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಕೊಂಡು ಕೊನೆಗೆ ಉಳಿಯುವುದು ಎರಡರ ಗುಣವೂ ಇಲ್ಲದ ನೀರು. ಅರಿಸಿನದ ಬಗೆಗೂ ಇಷ್ಟೇ ಹೇಳಬೇಕು: ಅದರ ಸಾರ ತಣ್ಣೀರಿನಲ್ಲಿ ಕರಗುವುದೇ ಅಪರೂಪ. ನೀರು ಹಳದಿಯಾಗುತ್ತದೆ, ಮನಸ್ಸಿಗೆ ನೆಮ್ಮದಿಯಾಗುತ್ತದೆ. ಅಂಟುವಾಳ ಹಾಗಲ್ಲ. ಅದರ ನೊರೆಗೆ ಜಿಡ್ಡನ್ನೂ ಮೇಣವನ್ನೂ ಸಡಿಲಿಸುವ ಶಕ್ತಿಯಿದೆ. ಗಟ್ಟಿ ಸಿಪ್ಪೆಯ ಹಣ್ಣುಗಳಿಗೆ ಬಳಸಬಹುದು, ಕಹಿ ಹೋಗುವವರೆಗೂ ತೊಳೆಯಬೇಕು. ಸೊಪ್ಪಿಗೆ ಬೇಡ. ಬಟ್ಟೆಯ ಸೋಪು, ಪಾತ್ರೆಯ ಪುಡಿಗಳಂತೂ ಆಹಾರಕ್ಕೆ ಸಲ್ಲವೇ ಸಲ್ಲ. 2020ರ ಕೊರೋನಾ ಭೀತಿಯಲ್ಲಿ ತರಕಾರಿಗೆ ಸೋಪು ಹಚ್ಚುವವರು ಹೆಚ್ಚಿದಾಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹಾಗೆ ಮಾಡಬಾರದೆಂದು ತಿಳಿಸಬೇಕಾಯಿತು.

ಇಷ್ಟೆಲ್ಲ ತೊಳೆದ ಮೇಲೂ ಹೋಗದ ವಿಷದ ಮಾತು ಉಳಿಯಿತು. ಕೆಲವು ಕೀಟನಾಶಕಗಳನ್ನು ಗಿಡದೊಳಗೆ ಸೇರಲೆಂದೇ ತಯಾರಿಸುತ್ತಾರೆ. ಬೇರಿನಿಂದಲೋ ಎಲೆಯಿಂದಲೋ ಹೀರಿಕೊಂಡ ಗಿಡ ಅದನ್ನು ರಸದೊಂದಿಗೆ ಕಾಯಿಗೂ ಹಣ್ಣಿಗೂ ಒಯ್ಯುತ್ತದೆ. ರಸ ಹೀರಲು ಬಂದ ಹುಳು ಸಾಯುತ್ತದೆ. ಬದನೆಕಾಯಿಯ ತಿರುಳಿನಲ್ಲಿರುವುದನ್ನು ಯಾವ ಹುಳಿ, ಯಾವ ಕ್ಷಾರ ತೊಳೆದೀತು? ಈ ಜಾತಿಗೆ ಸೇರಿದ ಮಾನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲಿಯೇ ಆಜ್ಞೆ ಹೊರಡಿಸಿತು. ಆಜ್ಞೆ ತರಕಾರಿಗೆ ಮಾತ್ರ. ಬೇರೆ ಬೆಳೆಗೆಂದು ಅದೇ ಡಬ್ಬಿ ಅಂಗಡಿಯಲ್ಲಿ ದೊರೆಯುತ್ತಲೇ ಇತ್ತು. ಹತ್ತಿಗೆಂದು ತಂದದ್ದು ಬದನೆಗೆ ಬೀಳದಂತೆ ಕಾಯುವವರಾರು?

ಈ ದೇಶದಲ್ಲಿ ಕೀಟನಾಶಕ ಕಾಯ್ದೆ ಬಂದುದೇ ಸಾವಿನ ಹಿಂದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಯಾನ್, ನಮ್ಮ ಹಿರಿಯರ ಬಾಯಲ್ಲಿ ‘ಫಾಲಿಡಾಲ್’, ಸಾಗಾಟದ ವೇಳೆ ಆಹಾರಸಾಮಗ್ರಿಗೆ ಸೋರಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಕಾಯ್ದೆ ಬಂದುದು ಹತ್ತು ವರ್ಷಗಳ ನಂತರ, 1968ರಲ್ಲಿ. ಅದರ ನಿಯಮದಂತೆ ಪ್ರತಿ ಡಬ್ಬಿಯ ಮೇಲೂ ಬಣ್ಣದ ಗುರುತಿರಬೇಕು: ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಅಲ್ಪ. ಶಾಲೆಯ ಮಕ್ಕಳು ಮನೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಡಬ್ಬಿಗಳನ್ನು ಮುಟ್ಟದೆ, ಬರಿಗಣ್ಣಿನಿಂದ ಈ ಬಣ್ಣಗಳನ್ನು ಗುರುತಿಸಿ ಬರೆದುಕೊಂಡರೆ ಅದೇ ಒಂದು ಒಳ್ಳೆಯ ಪರಿಸರ ಪಾಠ. ಸಿಂಪಡಿಸಿದ ಎಷ್ಟು ದಿನಕ್ಕೆ ಕೊಯ್ಯಬೇಕೆಂಬುದೂ ಡಬ್ಬಿಯ ಜೊತೆಗಿನ ಚೀಟಿಯಲ್ಲಿರುತ್ತದೆ. ಬಿಸಿಲು, ಗಾಳಿ, ಗಿಡದ ಬೆಳವಣಿಗೆ ಇವೆಲ್ಲ ಸೇರಿ ಆ ದಿನಗಳಲ್ಲಿ ವಿಷವನ್ನು ತಗ್ಗಿಸುತ್ತವೆ. ಸೋಡಾದ ಕಾಲು ಗಂಟೆ ಮಾಡಲಾರದ್ದನ್ನು ರೈತನ ಒಂದು ವಾರದ ತಾಳ್ಮೆ ಮಾಡಬಲ್ಲದು. ನಾಳೆ ಸಂತೆಯೆಂದು ಇಂದು ಸಂಜೆ ಅಲಸಂಡೆಗೆ ಮದ್ದು ಹೊಡೆಯುವವರು ನಮ್ಮ ನೆಂಟರಿಷ್ಟರಲ್ಲಿಯೇ ಇದ್ದಾರೆ. ತಮ್ಮ ಮನೆಗೆ ಬೇರೆ ಸಾಲು, ಸಂತೆಗೆ ಬೇರೆ ಸಾಲು ಬೆಳೆಯುವವರೂ ಇದ್ದಾರೆ. ಸಂತೆಯಲ್ಲಿ ಕೊಳ್ಳುವವರೂ ನಮ್ಮವರೇ ಎಂಬುದನ್ನು ಅವರಿಗೆ ಎದುರಿಗೇ ಹೇಳಬೇಕಾಗಿದೆ.

ತೊಳೆಯುವ ನೀರು ಎಲ್ಲಿಯದು ಎಂಬುದನ್ನು ಕೇಳದಿದ್ದರೆ ಈ ಚರ್ಚೆಯೇ ಅಪೂರ್ಣ. ಗುಡ್ಡದ ಅಬ್ಬಿಯಿಂದಲೋ ಹಳ್ಳದಿಂದಲೋ ಕೊಳವೆಯಲ್ಲಿ ನೀರು ತರುವ ಮನೆಗಳು ನಮ್ಮಲ್ಲಿ ಅಸಂಖ್ಯ. ಅದೇ ಹಳ್ಳದ ಮೇಲ್ದಂಡೆಯಲ್ಲಿ ಗೇಣಿಗೆ ಹಿಡಿದ ಜಾಗದ ಶುಂಠಿಗೆ ಮದ್ದು ಬೀಳುತ್ತದೆ, ಸಂಜೆ ಸ್ಪ್ರೇಯರಿನ ಟ್ಯಾಂಕನ್ನು ಆ ನೀರಿನಲ್ಲಿಯೇ ತೊಳೆಯುತ್ತಾರೆ. ಕೆಳಗಿನ ಮನೆಯ ಗೃಹಿಣಿ ಮರುದಿನ ಅದೇ ನೀರಿನಲ್ಲಿ ಹರಿವೆ ಸೊಪ್ಪನ್ನು ಮೂರು ಬಾರಿ ತೊಳೆಯುತ್ತಾಳೆ. ಬೆಳ್ತಂಗಡಿಯ ಕೊಕ್ಕಡ, ನಿಡ್ಲೆ, ಪಟ್ರಮೆಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುತ್ತಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅವರ ಬಾವಿ, ಹಿತ್ತಲು, ಹಟ್ಟಿ ಎಲ್ಲವನ್ನೂ ಹೊಕ್ಕಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶಾದ್ಯಂತ ನಿಲ್ಲಿಸಿದ ಮೇಲೂ ಅಲ್ಲಿನ ಮನೆಗಳಲ್ಲಿ ಮಲಗಿದಲ್ಲೇ ಇರುವ ಮಕ್ಕಳ ಶುಶ್ರೂಷೆ ಮುಗಿಯಲಿಲ್ಲ. ತಟ್ಟೆಯಲ್ಲಿ ಇಟ್ಟದ್ದನ್ನು ತೊಳೆದುಕೊಳ್ಳಬಹುದು, ಆಕಾಶದಿಂದ ಬಿದ್ದದ್ದನ್ನು ಅವರು ಎಲ್ಲಿ ತೊಳೆಯಬೇಕಿತ್ತು?

ಆದ್ದರಿಂದ ನಮ್ಮ ಬಳಗದ ಕೋರಿಕೆ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಹಳ್ಳ, ಕೆರೆ, ಅಬ್ಬಿಗಳಲ್ಲಿ ಸಿಂಪಡಣೆಯ ಟ್ಯಾಂಕು ತೊಳೆಯಬಾರದೆಂಬ ನಿರ್ಣಯವನ್ನು ಪ್ರತಿ ಗ್ರಾಮಸಭೆಯಲ್ಲಿಯೂ ಬರೆಸಬೇಕು. ನೀರಿನ ಮೂಲದ ಮೇಲ್ಭಾಗದಲ್ಲಿ ಶುಂಠಿಗೆ ಗದ್ದೆ-ಬ್ಯಾಣ ಕೊಡುವ ಮುನ್ನ ಕೆಳಗಿನ ಮನೆಯವರನ್ನು ಒಂದು ಮಾತು ಕೇಳಬೇಕು. ಹಾಸ್ಟೆಲಿನ ವಿದ್ಯಾರ್ಥಿಗಳು ಅಡುಗೆಯವರೊಂದಿಗೆ ಕೂತು, ಹಸಿಯಾಗಿ ತಿನ್ನುವ ಸೌತೆ, ಕ್ಯಾರೆಟ್, ಟೊಮೆಟೊಗಳನ್ನಾದರೂ ಸೋಡಾ ನೀರಿನಲ್ಲಿ ಕಾಲು ಗಂಟೆ ಇಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಕೊನೆಯ ತೊಳೆ ಮಾಡುವ ಏರ್ಪಾಡು ಮಾಡಿಕೊಳ್ಳಬಹುದು. ಮಳೆಗಾಲದಲ್ಲಿ ಇದು ವಿಷಕ್ಕಿಂತಲೂ ರೋಗಾಣುವಿನ ದೃಷ್ಟಿಯಿಂದ ಮುಖ್ಯ. ತೊಳೆದ ನೀರನ್ನು ಚೆಲ್ಲುವಲ್ಲಿಯೂ ಎಚ್ಚರ ಬೇಕು. ತಾಮ್ರ ಕರಗಿದ ಹುಳಿನೀರೂ ಅಂಟುವಾಳದ ನೊರೆಯೂ ಮೀನಿಗೆ ವಿಷ. ಅವನ್ನು ಹಳ್ಳಕ್ಕೆ ಬಿಡದೆ, ಬಾವಿಯಿಂದ ದೂರದಲ್ಲಿ, ದಾರಿಬದಿಯ ಒಣನೆಲಕ್ಕೆ ಸುರಿಯಿರಿ.