ಎತ್ತಿಗೆ ಜ್ವರ, ಎಮ್ಮೆಗೆ ಬರೆ

ವಾಹನ ಬಿಡಿಭಾಗಗಳ ವರ್ತಕರಿಗೆ ತಕರಾರು ತರುವ ಸರಕುಗಳಲ್ಲಿ ಆಕ್ಸಿಜನ್ ಸೆನ್ಸರ್ ಒಂದು. ಕಾರಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ ನೋಡಿ ಸೆನ್ಸರ್ ಬದಲಿಸುವಂತೆ ಹೇಳುತ್ತಾನೆ. ಗ್ರಾಹಕನು ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಒಯ್ಯುತ್ತಾನೆ. ಕೆಲವೇ ದಿನಗಳಲ್ಲಿ ದೀಪ ಮತ್ತೆ ಹೊತ್ತಿದರೆ, ಬಿಚ್ಚಿ ಜೋಡಿಸಿದ ವಿದ್ಯುತ್ ಭಾಗವನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಾರರು. ಹಣ ಗ್ರಾಹಕನದು, ಕೆಟ್ಟ ಹೆಸರು ವರ್ತಕನದು. ಹಲವು ಸಂದರ್ಭಗಳಲ್ಲಿ ತಪ್ಪು ಸೆನ್ಸರಿನದಾಗಿರದೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನದಾಗಿರುತ್ತದೆ.

ಎಂಜಿನ್ನಿನ ಸಿಲಿಂಡರುಗಳಿಂದ ಹೊರಬರುವ ಬಿಸಿ ಅನಿಲವನ್ನು ಒಂದೇ ಕೊಳವೆಗೆ ಕೂಡಿಸುವ ಭಾಗವೇ ಮ್ಯಾನಿಫೋಲ್ಡ್. ಪೆಟ್ರೋಲ್ ಕಾರುಗಳಲ್ಲಿ ಮೊದಲನೆಯ ಸೆನ್ಸರ್ ಅದರ ಮೇಲೆಯೇ ಅಥವಾ ಅದರ ಸಮೀಪದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಇರುತ್ತದೆ. ಎರಡನೆಯದು ಕನ್ವರ್ಟರಿನ ನಂತರ ಇರುತ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೆರೆಯುವಂತೆ ನೋಡಿಕೊಳ್ಳಲು ಮೊದಲನೆಯದು ನೆರವಾಗುತ್ತದೆ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಎರಡನೆಯದು ಕಾಯುತ್ತದೆ.

ಮ್ಯಾನಿಫೋಲ್ಡ್ ಬಿರುಕು ಬಿಟ್ಟರೆ ಅಥವಾ ಗ್ಯಾಸ್ಕೆಟ್ ಸುಟ್ಟರೆ ಅನಿಲ ಹೊರಹೋಗುವುದಷ್ಟೇ ಅಲ್ಲ, ಅನಿಲದ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಹೊರಗಿನ ಗಾಳಿ ಒಳಸೇರುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತದೆ. ಪೆಟ್ರೋಲ್ ಸಾಲದೆಂದು ತಿಳಿದ ನಿಯಂತ್ರಕವು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜು ಕುಸಿಯುತ್ತದೆ, ಮಿಶ್ರಣ ತೆಳುವಾಗಿದೆಯೆಂಬ ಪಿ 0171 ಸಂಕೇತವೂ ಮೂಡಬಹುದು. ಈ ಸಂಕೇತಕ್ಕೆ ಬೇರೆ ಕಾರಣಗಳೂ ಉಂಟು; ಅದು ರೋಗದ ಲಕ್ಷಣವೇ ಹೊರತು ಬದಲಿಸಬೇಕಾದ ಭಾಗದ ಹೆಸರಲ್ಲ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಿಕ್ ಟಿಕ್ ಸದ್ದು ಕೇಳಿ, ಬಿಸಿಯಾದಂತೆ ಅದು ಕಡಿಮೆಯಾದರೆ, ಅಥವಾ ಗ್ಯಾಸ್ಕೆಟಿನ ಅಂಚಿನಲ್ಲಿ ಕಪ್ಪು ಮಸಿ ಕಂಡರೆ, ಮೊದಲು ಪರೀಕ್ಷಿಸಬೇಕಾದದ್ದು ಮ್ಯಾನಿಫೋಲ್ಡನ್ನೇ.

ಕೇಳಿದ ಸರಕನ್ನು ಕೊಡುವುದಷ್ಟೇ ವರ್ತಕನ ಕೆಲಸ, ರೋಗ ಗುರುತಿಸುವುದು ಮೆಕ್ಯಾನಿಕನ ಹೊಣೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೂ ಸೋರಿಕೆ ನೋಡಿದಿರಾ, ಬೇಕಾದದ್ದು ಕನ್ವರ್ಟರಿಗೆ ಮುಂಚಿನ ಸೆನ್ಸರೋ ನಂತರದ್ದೋ ಎಂಬ ಎರಡು ಪ್ರಶ್ನೆಗಳಿಗೆ ನಿಮಿಷವೂ ಹಿಡಿಯದು. ಎರಡೂ ನೋಡಲು ಒಂದೇ ಬಗೆಯಾಗಿದ್ದರೂ ಅನೇಕ ಕಾರುಗಳಲ್ಲಿ ಒಂದರ ಸ್ಥಾನಕ್ಕೆ ಇನ್ನೊಂದು ಸಲ್ಲದು. ಭಾಗದ ಸಂಖ್ಯೆಯನ್ನು ತಾಳೆ ನೋಡದೆ ಮಾರಿದವನಿಗೆ ಅಂದಿನ ಲಾಭ ಸಿಗಬಹುದು, ಗಿರಾಕಿ ಉಳಿಯುವುದಿಲ್ಲ.

ಸಣ್ಣ ಉದ್ದಿಮೆದಾರರ ಹೊಣೆಯೂ ಕಡಿಮೆಯಲ್ಲ. ಬೆಳಗಾವಿಯಂತಹ ಎರಕದ ಕೇಂದ್ರಗಳಿರುವ ರಾಜ್ಯದಲ್ಲಿ ಬದಲಿ ಮ್ಯಾನಿಫೋಲ್ಡ್ ತಯಾರಿಸುವ ಕೌಶಲ್ಯಕ್ಕೆ ಕೊರತೆಯಿಲ್ಲ. ಆದರೆ ಫ್ಲ್ಯಾಂಜಿನ ಮುಖ ಸಮತಟ್ಟಾಗಿರದಿದ್ದರೆ ಹೊಸ ಮ್ಯಾನಿಫೋಲ್ಡೂ ಸೋರುತ್ತದೆ. ಸೆನ್ಸರ್ ಕೂರುವ ರಂಧ್ರದ ಥ್ರೆಡ್ಡಿನಲ್ಲಿ ಲೋಪವಿದ್ದರೆ ಅಲ್ಲಿಂದಲೂ ಗಾಳಿ ನುಗ್ಗೀತು. ಕೆಲವು ಹೊಸ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಸೇರಿಹೋಗಿರುವುದರಿಂದ, ಉಳಿದ ಮಾರುಕಟ್ಟೆಯಲ್ಲಿ ಗುಣಮಟ್ಟವೊಂದೇ ಆಸರೆ.

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಮೇಲೆ ಹೊಗೆಯ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ಆದ್ದರಿಂದ ವಾಣಿಜ್ಯ ಸಂಸ್ಥೆಗಳು ವರ್ತಕರು, ಅವರ ಕೌಂಟರ್ ಸಿಬ್ಬಂದಿ ಹಾಗೂ ಮೆಕ್ಯಾನಿಕರನ್ನು ಒಂದೆಡೆ ಕೂಡಿಸಿ ಒಂದು ದಿನದ ತರಬೇತಿಯನ್ನಾದರೂ ಏರ್ಪಡಿಸುವುದು ಉಚಿತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಪದ್ಧತಿ ನಿಂತರೆ ಗ್ರಾಹಕನ ಹಣವೂ ಉಳಿದೀತು, ಅಂಗಡಿಯ ಹೆಸರೂ ಉಳಿದೀತು.